ಸಹಾಯ ಬೇಕು: ಎಣ್ಣೆಗೆ ಅದ್ದಿದ ಮೇಲೆ ಅಲಗು ಬಾಗಿದೆ

ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯಿಂದ ಅಡುಗೆಮನೆ ಚಾಕು. ಅಲಗು 15 ಸೆಂ.ಮೀ., ಬೆನ್ನು 3 ಮಿ.ಮೀ., ಬಾಯಿ 1 ಮಿ.ಮೀ. ಉಳಿಸಿ ಉಜ್ಜಿದ್ದು. ಮೂರು ಸಲ ಕಾಯಿಸಿ ಗಾಳಿಯಲ್ಲೇ ಆರಲು ಬಿಟ್ಟಾಗಿದೆ. ಆಮೇಲೆ ಇದ್ದಿಲ ಕುಲುಮೆಯಲ್ಲಿ ಅಯಸ್ಕಾಂತ ಹಿಡಿಯದ ಮಟ್ಟ ದಾಟಿಸಿ, 55 ಡಿಗ್ರಿಯ ಕಡಲೆಕಾಯಿ ಎಣ್ಣೆಗೆ ತುದಿ ಮೊದಲಾಗಿ ನೆಟ್ಟಗೆ ಇಳಿಸಿದ್ದು. ಅರ ಹಾಕಿದರೆ ಜಾರುತ್ತದೆ, ಅಂದರೆ ಗಡಸು ಬಂದಿದೆ. ಆದರೆ ನಡುವೆ ಎಡಕ್ಕೆ ಸುಮಾರು 2 ಮಿ.ಮೀ. ಬಾಗು.

ಬಾಯಿಗೆ ನಡುಗೆರೆ ಹಾಕಿ ನೋಡಿದರೆ ಒಂದು ಮಗ್ಗುಲು ಹೆಚ್ಚು ಸವೆದಿದೆ. ತೆಳು ಮಗ್ಗುಲು ಬೇಗ ತಣಿದು ಎಳೆದಿರಬೇಕು ಅಂತ ಅನುಮಾನ. ಎಣ್ಣೆಯಲ್ಲಿ ಅಡ್ಡಡ್ಡ ಆಡಿಸಿಲ್ಲ, ಹಾಗಾಗಿ ಆ ಕಾರಣ ಬಿಡಿ.

ಈಗಲೇ ಸುತ್ತಿಗೆಯಿಂದ ಬಡಿದರೆ ಒಡೆಯುತ್ತದೆ, ಗೊತ್ತು. ಓವನ್‌ನಲ್ಲಿ 200 ಡಿಗ್ರಿಗೆ ಎರಡೆರಡು ತಾಸು, ಎರಡು ಸಲ ಹದ ಮಾಡುವ (ಒಡೆಯದಂತೆ ಗಡಸು ಸ್ವಲ್ಪ ಇಳಿಸುವ) ಯೋಚನೆ. ಆಗಲೇ ಅಲಗನ್ನು ದಪ್ಪ ಕಬ್ಬಿಣದ ಪಟ್ಟಿಗೆ ಕ್ಲ್ಯಾಂಪ್ ಹಾಕಿ, ನಡುವೆ ನಾಣ್ಯ ಇಟ್ಟು ಬಲಕ್ಕೆ ಬಗ್ಗಿಸಬೇಕು. ಮೊದಲ ಸಲವೇ ಕ್ಲ್ಯಾಂಪ್ ಹಾಕಬಹುದಾ, ಎರಡನೇ ಸಲಕ್ಕೆ ಕಾಯಬೇಕಾ? 2 ಮಿ.ಮೀ. ಬಾಗಿಗೆ ಎಷ್ಟು ಹೆಚ್ಚು ಬಗ್ಗಿಸಬೇಕು? ಅಥವಾ ಎರಡೂ ಮಗ್ಗುಲು ಸಮ ಮಾಡಿ ಮತ್ತೆ ಕಾಯಿಸುವುದೇ ಮೇಲಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.