ಹಳೇ ಮಿನಿ ಟ್ರ್ಯಾಕ್ಟರ್ ಸ್ಟೇರಿಂಗ್ ವಿಪರೀತ ಬಿಗಿ

ಸಾಸವಡ_ತೋಟ: ಪುಣೆ ಹತ್ತಿರ ಅಂಜೂರದ ತೋಟದಲ್ಲಿ ಓಡೋ ಗಾಡಿ, ಪವರ್ ಸ್ಟೇರಿಂಗ್ ಇಲ್ಲ. ಮಳೆಗಾಲ ಮುಗಿದ ಮೇಲೆ ತಿರುಗಿಸೋದೇ ಕಷ್ಟ, ತಿರುಗಿಸಿದ್ದು ತಾನಾಗಿ ನೇರಕ್ಕೂ ಬರಲ್ಲ. ಸ್ಟೇರಿಂಗ್ ಬಾಕ್ಸ್ ಬಿಚ್ಚಲಾ?

ಗ್ರೀಸ್_ಗನ್: ಬಾಕ್ಸ್ ಮುಟ್ಟಬೇಡಿ. ಮೊದಲು ಮುಂದಿನ ಟೈರ್ ಗಾಳಿ ನೋಡಿ. ಆಮೇಲೆ ಆಕ್ಸಲ್ ಜಾಕ್‌ನಿಂದ ಎತ್ತಿ, ಕೆಳಗೆ ಮರದ ದಿಮ್ಮಿ ಕೊಟ್ಟು, ಡ್ರ್ಯಾಗ್ ಲಿಂಕ್ (ಸ್ಟೇರಿಂಗ್ ಬಾಕ್ಸ್‌ನಿಂದ ಚಕ್ರದ ಕಡೆ ಹೋಗೋ ರಾಡ್), ಟೈ ರಾಡ್ (ಮುಂದಿನ ಎರಡು ಚಕ್ರ ಜೋಡಿಸೋ ರಾಡ್) ಎರಡೂ ಕಳಚಿ. ರಾಡಿನ ಉದ್ದ ಮಾತ್ರ ತಿರುವಬೇಡಿ, ಟೋ-ಇನ್ (ಮುಂದಿನ ಚಕ್ರಗಳು ಮುಂದುಗಡೆ ಸ್ವಲ್ಪ ಒಳಮುಖವಾಗಿರೋ ಅಳತೆ) ಕೆಡುತ್ತೆ. ಈಗ ಸ್ಟೇರಿಂಗ್ ಹಗುರ, ಚಕ್ರ ಬಿಗಿ ಅಂದ್ರೆ ಕಿಂಗ್‌ಪಿನ್ (ಚಕ್ರ ಎಡ-ಬಲ ತಿರುಗೋ ಕೀಲು) ಹಿಡಿದಿದೆ. ನೇರಕ್ಕೆ ಬರಲ್ಲ ಅಂದಾಗಲೇ ನನಗೆ ಅದರ ಮೇಲೆ ಅನುಮಾನ.

ಸಾಸವಡ_ತೋಟ: ಹೌದು, ಎಡಗಡೆ ಚಕ್ರ ಜಪ್ಪಯ್ಯ ಅಂದ್ರೂ ಅಲ್ಲಾಡ್ತಿಲ್ಲ. ಗನ್ ಹಚ್ಚಿದರೆ ಗ್ರೀಸ್ ಒಳಗೆ ಹೋಗದೆ ನಿಪ್ಪಲ್ (ಗ್ರೀಸ್ ತುಂಬೋ ಬಾಯಿ) ಸುತ್ತಲೇ ಉಕ್ಕುತ್ತೆ.

ಗ್ರೀಸ್_ಗನ್: ಹಳೇ ಗ್ರೀಸ್ ಕೆಸರಿನ ಜೊತೆ ಗಟ್ಟಿಯಾಗಿದೆ. ನಿಪ್ಪಲ್ ಹೊಸದು ಹಾಕಿ. ಅದಕ್ಕೂ ಮುಂಚೆ ತೂತನ್ನು ತಂತಿಯಲ್ಲಿ ಕೆದಕಿ, ಡೀಸೆಲ್ ಬಿಟ್ಟು ರಾತ್ರಿಯಿಡೀ ನೆನೆಯಲಿ. ಚಕ್ರ ಎತ್ತಿಟ್ಟೇ ಗ್ರೀಸ್ ಹೊಡೆಯಿರಿ. ನೆಲದ ಮೇಲಿದ್ದರೆ ಭಾರ ಕೂತ ಕಡೆ ಗ್ರೀಸ್ ನುಗ್ಗಲ್ಲ. ಅಂಚಿನಲ್ಲಿ ಹೊಸ ಗ್ರೀಸ್ ಕಾಣೋವರೆಗೂ ಹೊಡೆಯುತ್ತಾ ಚಕ್ರ ಆಡಿಸಿ.

ದ್ರಾಕ್ಷಿ_ನಾಶಿಕ್‌ರೋಡ್: ಅಷ್ಟಕ್ಕೂ ಬಗ್ಗದಿದ್ದರೆ ಪಿನ್ ಹೊರಗೆ ತೆಗೀಬೇಕು. ಥ್ರಸ್ಟ್ ಬೇರಿಂಗ್ (ಗಾಡಿ ಭಾರ ಹೊರೋ ಬೇರಿಂಗ್) ತುಕ್ಕು ಹಿಡಿದಿದ್ದರೆ ಬದಲಾಯಿಸಿ. ಹೊಸ ಬುಷ್ (ಪಿನ್ ಕೂರೋ ಲೋಹದ ಕೊಳವೆ) ಹಾಕಿದರೆ ಲೇತ್‌ನವರ ಹತ್ರ ರೀಮರ್ ಹೊಡೆಸಿ ಅದರ ತೂತು ಪಿನ್ ಅಳತೆಗೆ ತರಿಸಿ, ಇಲ್ಲಾಂದ್ರೆ ಮತ್ತೆ ಅದೇ ಬಿಗಿ. ಜೋಡಿಸುವಾಗ ಸ್ಪ್ಲಿಟ್ ಪಿನ್ (ನಟ್ ಕಳಚದಂತೆ ತಡೆಯೋ ತಂತಿ ಪಿನ್) ಹೊಸದೇ ಇರಲಿ. ಐದು ರೂಪಾಯಿ ಉಳಿಸೋ ಜಾಗ ಅಲ್ಲ ಅದು.