ಕಮಾಂಡ್ ಪ್ರಾಂಪ್ಟ್ ಪೈಥಾನ್ 3.12 ಅನ್ನುತ್ತೆ, ಪ್ರೋಗ್ರಾಂ ಒಪ್ಪಲ್ಲ!

ಪ್ರಶ್ನೆ (ಕೊಥ್ರೂಡ್, ಪುಣೆ): ನಮಸ್ಕಾರ ಸರ್. ವಿಜಯಪುರದವನು, ಇಲ್ಲಿ ಎಂಸಿಎ ಓದುತ್ತಿದ್ದೇನೆ. ಪೈಥಾನ್ ಅಸೈನ್‌ಮೆಂಟಿಗೆ ಮ್ಯಾಚ್-ಕೇಸ್ (ಹಲವು ಆಯ್ಕೆಗಳಲ್ಲಿ ಒಂದನ್ನು ಆರಿಸುವ ಕೋಡ್) ಬಳಸಿ ಒಂದು ಮೆನು ಬರೆದೆ. ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್‌ನಲ್ಲಿ ರನ್ ಒತ್ತಿದರೆ ಮ್ಯಾಚ್ ಇರುವ ಸಾಲಿನಲ್ಲೇ ಸಿಂಟ್ಯಾಕ್ಸ್ ಎರರ್ (ಬರೆಯುವ ನಿಯಮ ತಪ್ಪಿದೆ ಅನ್ನುವ ದೋಷ). ಮ್ಯಾಚ್ ಬಂದಿದ್ದು ಪೈಥಾನ್ 3.10ರಲ್ಲಿ ಅಂತ ಗೊತ್ತು. ಆದರೆ ಹೊರಗೆ ಕಮಾಂಡ್ ಪ್ರಾಂಪ್ಟ್ ತೆರೆದು ಪೈಥಾನ್, ಸ್ಪೇಸ್, ಎರಡು ಡ್ಯಾಶ್, ವರ್ಷನ್ ಅಂತ ಟೈಪ್ ಮಾಡಿದರೆ 3.12 ತೋರಿಸುತ್ತದೆ. ರೂಮ್‌ಮೇಟ್ ‘ಎಲ್ಲಾ ಅನ್‌ಇನ್‌ಸ್ಟಾಲ್ ಮಾಡು’ ಅನ್ನುತ್ತಿದ್ದಾನೆ. ಮಾಡಲಾ?

ಉತ್ತರ (ಹಿಂಜೇವಾಡಿ): ಬೇಡ ತಮ್ಮಾ, ಸುಮ್ನೆ ಯಾಕೆ ಕಿತ್ತು ಹಾಕ್ತೀಯಾ? ಕಮಾಂಡ್ ಪ್ರಾಂಪ್ಟ್ ಸುಳ್ಳು ಹೇಳುತ್ತಿಲ್ಲ. ಪಾಥ್‌ನಲ್ಲಿ (ಪ್ರೋಗ್ರಾಮುಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ) ಮೊದಲು ಸಿಕ್ಕ ಪೈಥಾನ್‌ನ ನಂಬರ್ ಹೇಳುತ್ತಿದೆ, ಅಷ್ಟೇ. ರನ್ ಬಟನ್ ಓಡಿಸುವುದು ಬೇರೊಂದನ್ನು ಇರಬಹುದು. ಸ್ವಾರ್‌ಗೇಟ್ ಸ್ಟ್ಯಾಂಡಿನಲ್ಲಿ ಪಕ್ಕದ ಬಸ್ಸಿನ ಬೋರ್ಡ್ ಓದಿ ಈ ಬಸ್ ಹತ್ತಿದ ಹಾಗೆ.

ಓಡುವ ಪ್ರೋಗ್ರಾಮನ್ನೇ ಕೇಳು. ಪೈಥಾನ್ ಜೊತೆಗೇ ಬರುವ ಸಿಸ್ ಮಾಡ್ಯೂಲ್ ಇಂಪೋರ್ಟ್ ಮಾಡಿ, ಸಿಸ್ ಡಾಟ್ ವರ್ಷನ್, ಸಿಸ್ ಡಾಟ್ ಎಕ್ಸಿಕ್ಯೂಟೆಬಲ್ ಎರಡನ್ನೂ ಪ್ರಿಂಟ್ ಮಾಡು. ಮೊದಲನೆಯದು ನಂಬರ್. ಎರಡನೆಯದು ಆ ಪೈಥಾನ್ ಯಾವ ಫೋಲ್ಡರಿನಲ್ಲಿ ಕೂತಿದೆ ಅನ್ನೋದು. ನನಗೆ ಜಾಸ್ತಿ ಕೆಲಸಕ್ಕೆ ಬಂದಿರುವುದು ಎರಡನೆಯದೇ.

ಪ್ರಶ್ನೆ ಕೇಳಿದವರು: ಫೈಲಿನ ತಲೆಯಲ್ಲೇ ಹಾಕಿದೆ ಸರ್. ಏನೂ ಪ್ರಿಂಟ್ ಆಗಲಿಲ್ಲ, ಮತ್ತೆ ಅದೇ ಎರರ್.

ಉತ್ತರ: ನಾನೇ ಹೇಳಬೇಕಿತ್ತು, ಮರೆತೆ. ಪೈಥಾನ್ ಮೊದಲು ಇಡೀ ಫೈಲನ್ನು ಓದಿ ನೋಡುತ್ತದೆ. ಎಲ್ಲೋ ಕೊನೆಯಲ್ಲಿ ಸಿಂಟ್ಯಾಕ್ಸ್ ಕೆಟ್ಟಿದ್ದರೂ ಮೊದಲ ಸಾಲನ್ನೂ ಓಡಿಸುವುದಿಲ್ಲ. ಆ ಸಾಲುಗಳನ್ನಷ್ಟೇ ಒಂದು ಹೊಸ ಫೈಲಿನಲ್ಲಿ ಹಾಕಿ, ಅದೇ ರನ್ ಬಟನ್ ಒತ್ತು.

ಪ್ರಶ್ನೆ ಕೇಳಿದವರು: ಅಯ್ಯೋ, 3.8.10 ಅಂತ ಬಂತು! ಫೋಲ್ಡರ್ ನೋಡಿದರೆ ಡಿಗ್ರಿಯಲ್ಲಿ ಮಾಡಿದ್ದ ಹಳೇ ಪ್ರಾಜೆಕ್ಟಿನ ವರ್ಚುವಲ್ ಎನ್ವಿರಾನ್‌ಮೆಂಟ್, ಅಂದರೆ ಆ ಪ್ರಾಜೆಕ್ಟಿಗೆ ಅಂತಲೇ ಬೇರೆ ಇಟ್ಟ ಪೈಥಾನ್.

ಉತ್ತರ: ಸಿಕ್ಕಿಬಿತ್ತು ಅಲ್ವಾ. ವಿಎಸ್ ಕೋಡ್ ಕಿಟಕಿಯ ಕೆಳಗೆ ಬಲಗಡೆ ಪೈಥಾನ್ ನಂಬರ್ ಇರುತ್ತದೆ. ಅದರ ಮೇಲೆ ಕ್ಲಿಕ್ ಮಾಡಿ 3.12 ಆರಿಸು. ಹಳೆಯದನ್ನು ಅಳಿಸಬೇಡ, ಆ ಪ್ರಾಜೆಕ್ಟಿಗೆ ಬೇಕಾದೀತು. ಇನ್ನು ಬರೀ ಪಿಪ್ (ಪ್ಯಾಕೇಜ್ ಹಾಕುವ ಕಮಾಂಡ್) ಅಂತ ಬರೆದು ಪ್ಯಾಕೇಜ್ ಹಾಕಿದರೆ ಅದೂ ಬೇರೆ ಪೈಥಾನಿಗೆ ಹೋಗಿ ಕೂರಬಹುದು. ಪೈಥಾನ್, ಡ್ಯಾಶ್ ಎಂ, ಪಿಪ್ ಅಂತ ಬರೆಯೋದು ರೂಢಿ ಮಾಡಿಕೊ.

ಇನ್ನೊಬ್ಬರು (ಡೊಂಬಿವಲಿ): ನಡುವೆ ಬಾಯಿ ಹಾಕ್ತೀನಿ. ಕೋಡಿನಲ್ಲೇ ವರ್ಷನ್ ಚೆಕ್ ಮಾಡುವುದಾದರೆ ಸ್ಟ್ರಿಂಗ್ ಆಗಿ (ಅಕ್ಷರಗಳ ಸಾಲಾಗಿ) ಹೋಲಿಸಬೇಡಿ. ಹಾಗೆ ನೋಡಿದರೆ 3.10 ಅನ್ನೋದು 3.9ಕ್ಕಿಂತ ಚಿಕ್ಕದು, 9ಕ್ಕಿಂತ 1 ಮೊದಲು ಬರುತ್ತಲ್ಲ! ಇದರ ಹಿಂದೆ ನನ್ನ ಅರ್ಧ ದಿನ ಹೋಗಿದೆ. ಸಿಸ್ ಡಾಟ್ ವರ್ಷನ್ ಅಂಡರ್‌ಸ್ಕೋರ್ ಇನ್ಫೋ ಬಳಸಿ, ಅದು ನಂಬರುಗಳನ್ನು ಬಿಡಿಬಿಡಿಯಾಗಿ ಕೊಡುತ್ತದೆ.

ಪ್ರಶ್ನೆ ಕೇಳಿದವರು: ಮೆನು ಓಡಿತು ಸರ್! ರೂಮ್‌ಮೇಟ್ ಈಗ ತನ್ನ ಲ್ಯಾಪ್‌ಟಾಪ್ ಹಿಡಿದುಕೊಂಡು ಪಕ್ಕದಲ್ಲೇ ಕೂತಿದ್ದಾನೆ. ಅವನದರಲ್ಲಿ ನಾಲ್ಕು ಪೈಥಾನ್ ಇವೆ.