“ಮೀನಿನ ಏಣಿ”ಯೋ, “ಮೀನುದಾರಿ”ಯೋ?

ಪ್ರಶ್ನೆ: ನಮಸ್ಕಾರ. ಹಳೆಯ ಅಣೆಕಟ್ಟುಗಳನ್ನು ಮೀನು ದಾಟುವಂತೆ, ಜನ ನೀರಿಗಿಳಿಯುವಂತೆ ತಿದ್ದಿಕಟ್ಟುವ ಕೈಪಿಡಿಯೊಂದರ ಅನುವಾದಕ್ಕೆ ಪದಗಳು ಬೇಕು. ಫಿಶ್‌ವೇ, ಫಿಶ್ ಲ್ಯಾಡರ್ ಎರಡಕ್ಕೂ “ಮೀನಿನ ಏಣಿ” ಸಾಕೇ? ಪಬ್ಲಿಕ್ ಆ್ಯಕ್ಸೆಸ್‌ಗೆ “ಸಾರ್ವಜನಿಕ ಪ್ರವೇಶ” ಒಗ್ಗುತ್ತದೆಯೇ? ಶಿರಸಿ, ಕುಮಟಾ ಕಡೆಯ ಮಾತಿದ್ದರೆ ಇನ್ನೂ ಒಳ್ಳೆಯದು.

ಉತ್ತರ: ಸಾಲದು. ಏಣಿ ಎಂದೊಡನೆ ನೆಗೆಯುವ ಸಾಲ್ಮನ್ ಕಣ್ಣಿಗೆ ಬರುತ್ತದೆ. ನಮ್ಮ ಗೆಂಡೆ ಅಷ್ಟು ನೆಗೆಯದು. ಹಾವುಮೀನಿನ ಮರಿಯಂತೂ ಸಮುದ್ರದಿಂದ ಬಂದು ಒದ್ದೆ ಕಲ್ಲಿನ ಮೇಲೆ ತೆವಳಿ ಏರುತ್ತದೆ. ಒಟ್ಟಾರೆ ಹೆಸರಿಗೆ “ಮೀನುದಾರಿ” ಇರಲಿ. ತೊಟ್ಟಿಯಿಂದ ತೊಟ್ಟಿಗೆ ಏರುವುದು “ಮೀನುಮೆಟ್ಟಿಲು”: ಮೆಟ್ಟಿಲಿಗೆ 20 ಸೆಂಟಿಮೀಟರ್ ಹಿಡಿದರೆ 1 ಮೀಟರ್ ಒಡ್ಡಿಗೆ ಐದು. ಇದೇ ಲೆಕ್ಕದಲ್ಲಿ ಕಾಳಿ ನದಿಯ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿಗೆ 500ಕ್ಕೂ ಹೆಚ್ಚು ಬೇಕು, ಹಾಗಾಗಿ ಈ ಪದ ತಗ್ಗು ಒಡ್ಡುಗಳದ್ದು. ಪಕ್ಕದಿಂದ ಸುತ್ತಿ ತರುವುದು “ಬಳಸುಗಾಲುವೆ”. ಒಡ್ಡಿನ ಕೆಳಗೆ ಗುಂಡುಕಲ್ಲು ಜೋಡಿಸಿ, 1 ಮೀಟರಿಗೆ 20 ಮೀಟರ್ ಉದ್ದ ಇಳಿಸುವುದು “ಕಲ್ಲಿಳುಕಲು”.

ಮೀನನ್ನು ಮೀನುದಾರಿಯ ಬಾಯಿಗೆ ಸೆಳೆಯುವ ಹರಿವಿಗೆ, ಅಂದರೆ ಅಟ್ರಾಕ್ಷನ್ ಫ್ಲೋಗೆ, “ಸೆಳೆನೀರು” ಎನ್ನಿ. ಕೆಲಸ ಹೆಚ್ಚಾಗಿ ಕೆಡುವುದು ಇಲ್ಲೇ: ಮೀನುದಾರಿಯ ಕೆಳಬಾಯಿ ಒಡ್ಡಿನಿಂದ ದೂರವಾದರೆ, ಅಥವಾ ಅಲ್ಲಿಂದ ಬರುವ ನೀರು ತೀರಾ ಸಣ್ಣದಾದರೆ, ಮೀನು ಅದನ್ನು ಬಿಟ್ಟು ದೊಡ್ಡ ಧಾರೆಯ ಬುಡಕ್ಕೇ ಹೋಗಿ ಸಿಕ್ಕಿಕೊಳ್ಳುತ್ತದೆ. ಮೈಗ್ರೇಶನ್‌ಗೆ ಎಲ್ಲ ಕಡೆ “ವಲಸೆ” ಬೇಡ. ಮುಂಗಾರಿನ ಮೊದಲ ನೆರೆಗೆ ಮೇಲೇರುವುದಕ್ಕೆ ಮಲೆನಾಡಿನಲ್ಲಿ “ಹತ್ತುಮೀನು” ಎಂಬ ಜೀವಂತ ಮಾತೇ ಇದೆ.

ಕಿಂಡಿ ಅಣೆಕಟ್ಟನ್ನು ಬೇರೆಯಾಗಿಯೇ ಬರೆಯಿರಿ. ಎರಡು ಸಾಲು ಹಲಗೆ, ನಡುವೆ ಮಣ್ಣು. ಮಳೆಗೆ ಮುಂಚೆ ಹಲಗೆ ಕಿತ್ತರೆ ಮೀನಿಗೆ ಕಿಂಡಿಯೇ ದಾರಿ. ತಡವಾದರೆ ಹತ್ತುಮೀನಿನ ಹೊತ್ತೇ ತಪ್ಪುತ್ತದೆ. ಹಲಗೆ ಕಿತ್ತೂ ಮೀನು ಏರದಿದ್ದರೆ ಕೆಳಗಿನ ಕಾಂಕ್ರೀಟ್ ಹಾಸಿನ ತುದಿ ನೋಡಬೇಕು. ನೀರು ಅಲ್ಲಿ ಕೊರೆದು ಎರಡಡಿ ಜಿಗಿತ ಮಾಡಿರುತ್ತದೆ. 40 ಅಡಿ ಕಲ್ಲಿಳುಕಲು ಕೊಟ್ಟರೆ ಸರಿಹೋಗುತ್ತದೆ.

“ಪ್ರವೇಶ” ಎಂದರೆ ಟಿಕೆಟ್ ಬಾಗಿಲು ನೆನಪಾಗುತ್ತದೆ. “ಹೊಳೆಗಿಳಿಯುವ ದಾರಿ” ಸಾಕು. ದೋಣಿ ದಾಟಿಸುವಲ್ಲಿ “ತಾರಿ”, ಹಚ್ಚುವಲ್ಲಿ “ಧಕ್ಕೆ”. ತಗ್ಗು ಒಡ್ಡಿನ ಬುಡದಲ್ಲಿ ನೀರು ಮಗುಚಿ ಈಜುವವರನ್ನು ಒಡ್ಡಿನ ಕಡೆಗೇ ಎಳೆಯುವುದಕ್ಕೆ “ಹಿನ್ಸೆಳೆತ”. ಕಲ್ಲಿಳುಕಲು ಅದನ್ನೂ ಒಡೆಯುತ್ತದೆ, ಆದ್ದರಿಂದ ಕೈಪಿಡಿಯಲ್ಲಿ ಮೀನಿನ ಮಾತು ಬರುವಲ್ಲೂ ಜನರ ಮಾತು ಬರುವಲ್ಲೂ “ಕಲ್ಲಿಳುಕಲು” ಎಂಬ ಒಂದೇ ಪದ ಬಳಸಿ.